ಗಿಡದ ಹೆಸರು ಬಿಸಿಲು ಮಳೆಗೆ ಅಳಿಯದಂತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಮಳೆಗಾಲ ಮುಗಿದಂದಿನಿಂದ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಗಿಡಗಳಿಗೆ ಕಟ್ಟುವ ಹೆಸರುಫಲಕಗಳ, ಅಂದರೆ ನಾವೆಲ್ಲ ಮಾತಿನಲ್ಲಿ ಲೇಬಲ್ ಎಂದು ಕರೆಯುವ ಪಟ್ಟಿಗಳ ಬಗ್ಗೆ ಕೇಳಿದವು ಬಹಳ ಇವೆ. ಗೊಬ್ಬರ, ಕೀಟ, ನೀರಾವರಿಗಳ ನಡುವೆ ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಹೆಸರು ಕಳೆದುಕೊಂಡ ಕಸಿಗಿಡದ ಮುಂದೆ ನಿಂತವರಿಗೆ ಅದು ಸಣ್ಣದಲ್ಲವೆಂಬುದು ಗೊತ್ತಿದೆ. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೂರು ವರ್ಷಗಳ ಹಿಂದೆ ನಮ್ಮ ಹಿತ್ತಿಲಿನಲ್ಲಿ ಉಪ್ಪಿನಕಾಯಿಗೆ ಬಳಸುವ ಅಪ್ಪೆಮಿಡಿ ಮಾವಿನ ಹನ್ನೊಂದು ಕಸಿಗಿಡಗಳನ್ನು ನೆಟ್ಟೆವು. ಬಿಳಿಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ತಳಿಯ ಹೆಸರು ಬರೆದು ಒಂದೊಂದಕ್ಕೂ ಕಟ್ಟಿದ್ದೆವು. ಎರಡನೆಯ ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಷರಗಳೆಲ್ಲ ಮಾಯವಾಗಿ ಪಟ್ಟಿಗಳು ಮಾತ್ರ ಉಳಿದಿವೆ. ಪರ್ಮನೆಂಟ್ ಎಂದು ಹೇಳುವ ಶಾಯಿ ಅಳಿಸಿಹೋಗುವುದು ಏಕೆ? ಈಗ ಯಾವ ಗಿಡ ಯಾವುದೆಂದು ತಿಳಿಯಲು ದಾರಿ ಇದೆಯೇ?
— ಓದುಗರು, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹಲವು ವರ್ಷಗಳ ಹಿಂದೆ ನಾನು ರಸಪುರಿ ಮತ್ತು ಮಲ್ಲಿಕಾ ಎಂದು ತಂದು ನೆಟ್ಟ ಎರಡು ಕಸಿಗಿಡಗಳಲ್ಲಿ ಒಂದು ನಾಲ್ಕನೆಯ ವರ್ಷ ತೋತಾಪುರಿ ಹಣ್ಣು ಬಿಟ್ಟಿತು. ನರ್ಸರಿಯಲ್ಲಿ ಕಟ್ಟಿಕೊಟ್ಟ ಕಾಗದದ ಚೀಟಿ ಮೊದಲ ಮಳೆಗೇ ಕರಗಿಹೋಗಿದ್ದರಿಂದ, ತಪ್ಪು ಅವರಲ್ಲಿ ಆಯಿತೋ ನನ್ನ ಕೈಯಲ್ಲಿ ಆಯಿತೋ ಎಂಬುದನ್ನು ಸಹ ನಾನು ಹೇಳುವಂತಿರಲಿಲ್ಲ. ಹಣ್ಣಿನ ಗಿಡದ ವಿಷಯದಲ್ಲಿ ಹೆಸರು ತಪ್ಪಿದರೆ ಅದು ಗೊತ್ತಾಗುವ ಹೊತ್ತಿಗೆ ನಾಲ್ಕೈದು ವರ್ಷಗಳ ಆರೈಕೆ ಕಳೆದಿರುತ್ತದೆ.

ಪರ್ಮನೆಂಟ್ ಎಂಬ ಮಾತು ನೀರಿಗೆ ಸಂಬಂಧಿಸಿದ್ದು, ಬಿಸಿಲಿಗೆ ಸಂಬಂಧಿಸಿದ್ದಲ್ಲ. ಇಂತಹ ಮಾರ್ಕರ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ದ್ರಾವಕದಲ್ಲಿ ಪೂರ್ತಿಯಾಗಿ ಕರಗಿರುವ ಬಣ್ಣ. ದ್ರಾವಕ ಆರಿದ ಮೇಲೆ ಆ ಬಣ್ಣ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಮಲೆನಾಡಿನ ಮಳೆಗೂ ಅದು ಜಗ್ಗುವುದಿಲ್ಲ. ಆದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಬಣ್ಣದ ಅಣುಗಳ ಒಳಗಿನ ಬಂಧಗಳನ್ನೇ ಮುರಿಯುತ್ತವೆ, ಬಂಧ ಮುರಿದ ಅಣು ಬಣ್ಣವನ್ನು ತೋರಿಸುವುದಿಲ್ಲ. ಹಾಗಾಗಿ ನಿಮ್ಮ ಪಟ್ಟಿಗಳಿಂದ ಶಾಯಿ ತೊಳೆದುಹೋಗಿಲ್ಲ, ಅಲ್ಲಿಯೇ ಇದ್ದು ಬಣ್ಣಗೆಟ್ಟಿದೆ. ಮಳೆಗಾಲವಿಡೀ ಚೆನ್ನಾಗಿದ್ದ ಅಕ್ಷರಗಳು ಬೇಸಿಗೆಯಲ್ಲಿ ಹೋದದ್ದಕ್ಕೆ ಇದೇ ಕಾರಣ.

ಈಗ ಗುರುತಿಸುವ ದಾರಿಯ ಮಾತು. ಪಟ್ಟಿಗಳನ್ನು ಒರೆಸಿ ಎಸೆಯಬೇಡಿ. ದಾರ ಸುತ್ತಿದ್ದ ಜಾಗದಲ್ಲಿ, ಮಡಿಕೆಯ ಒಳಗೆ, ಕಾಂಡಕ್ಕೆ ಒತ್ತಿಕೊಂಡಿದ್ದ ಮಗ್ಗುಲಲ್ಲಿ ಬಿಸಿಲು ಬಿದ್ದಿರುವುದಿಲ್ಲ. ಅಂತಹ ಕಡೆ ಒಂದೆರಡು ಅಕ್ಷರಗಳು ಇನ್ನೂ ಉಳಿದಿರಬಹುದು. ಕತ್ತಲೆಯ ಕೋಣೆಯಲ್ಲಿ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಪಟ್ಟಿಯ ಮಟ್ಟಕ್ಕೇ ಮಲಗಿಸಿ ಓರೆಯಾಗಿ ಬೆಳಕು ಬಿಟ್ಟು ನೋಡಿ. ಬರೆಯುವಾಗ ಕೈ ಒತ್ತಿ ಬರೆದಿದ್ದರೆ ಮೊನೆ ಓಡಿದ ಗೆರೆ ಕಾಣುವುದುಂಟು. ನೆಟ್ಟ ತಳಿಗಳ ಹೆಸರುಗಳು ನಿಮಗೆ ನೆನಪಿದ್ದರೆ ಪೂರ್ತಿ ಓದಬೇಕಾಗಿಲ್ಲ. ಮೊದಲ ಅಕ್ಷರವೋ ಒಂದು ಒತ್ತಕ್ಷರವೋ ಸಿಕ್ಕರೂ ಅರ್ಧ ಕೆಲಸ ಆದಂತೆ. ಉಳಿದವುಗಳಿಗೆ ಸದ್ಯಕ್ಕೆ ಒಂದರಿಂದ ಸಂಖ್ಯೆ ಕೊಟ್ಟು, ಮಿಡಿ ಬಿಟ್ಟ ವರ್ಷ ಸೊನೆಯ ವಾಸನೆ ನೋಡಿ ಬಲ್ಲವರಿಂದ ಹೆಸರು ಹೇಳಿಸಿ. ಜೀರಿಗೆಯ ಪರಿಮಳದ ಮಿಡಿಯನ್ನು ಮೂಗಿಗೆ ಹಿಡಿದ ಕೂಡಲೇ ಹೇಳಬಲ್ಲ ಹಿರಿಯರು ನಿಮ್ಮ ಭಾಗದಲ್ಲಿ ಈಗಲೂ ಇದ್ದಾರೆ.

ಮುಂದಿನ ಲೇಬಲ್‌ಗಳಿಗಾಗಿ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಬಿಸಿಲಿಗೆ ಬಣ್ಣಗೆಡದ ಕಪ್ಪು ಎಂದರೆ ಇಂಗಾಲ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಇಂಗಾಲವೇ. ಒಲೆಯ ಮಸಿ, ದೀಪದ ಕಾಡಿಗೆ, ಸುಟ್ಟ ಮರದ ಇದ್ದಿಲು ಎಲ್ಲವೂ ಇಂಗಾಲವೇ. ನಮ್ಮ ಹಿಂದಿನವರು ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಆಮೇಲೆ ಗರಿಗೆ ಮಸಿ ಸವರಿ ಒರೆಸುತ್ತಿದ್ದರು. ಮೇಲಿನ ಮಸಿ ಬಟ್ಟೆಗೆ ಹೋಗಿ, ಕೊರೆದ ಗೆರೆಯೊಳಗಿನ ಮಸಿ ಮಾತ್ರ ಉಳಿಯುತ್ತಿತ್ತು. ಶತಮಾನಗಳು ಕಳೆದರೂ ಆ ಬರಹವನ್ನು ನಾವು ಓದುತ್ತಿದ್ದೇವೆ. ಗಿಡದ ಲೇಬಲ್‌ಗೆ ಬೇಕಾದ ಎರಡು ಗುಣಗಳೂ ಅದರಲ್ಲಿವೆ: ಅಕ್ಷರವು ವಸ್ತುವಿನ ಮೇಲೆ ಕೂರದೆ ವಸ್ತುವಿನೊಳಗೆ ಇಳಿದಿರಬೇಕು, ಬಣ್ಣ ಬೇಕೆಂದರೆ ಅದು ಇಂಗಾಲದ್ದಾಗಿರಬೇಕು.

ಹಾಗಾಗಿ ಒಂದೆರಡು ವರ್ಷದ ತರಕಾರಿ ಅಥವಾ ಹೂವಿನ ಗಿಡಕ್ಕೆ ಪ್ಲಾಸ್ಟಿಕ್ ಪಟ್ಟಿಯೇ ಇರಲಿ, ಆದರೆ ಅದರ ನುಣುಪನ್ನು ಸ್ಯಾಂಡ್‌ಪೇಪರ್‌ನಿಂದ ಸ್ವಲ್ಪ ಉಜ್ಜಿ ತೆಗೆದು, 2ಬಿ ಅಥವಾ 4ಬಿ ಮೆತ್ತನೆಯ ಪೆನ್ಸಿಲ್‌ನಿಂದ ಒತ್ತಿ ಬರೆಯಿರಿ. ಪ್ಲಾಸ್ಟಿಕ್ ಮುರಿಯುವವರೆಗೂ ಬರಹ ಇರುತ್ತದೆ. ನಿಮ್ಮ ಮಾವಿನ ಗಿಡಗಳು ಹಲವು ದಶಕ ಬಾಳುವಂಥವು. ಅವುಗಳಿಗೆ ಪ್ಲಾಸ್ಟಿಕ್ ಸಲ್ಲದು. ಮುಂದಿನ ಉತ್ತರದಲ್ಲಿ ಹೇಳಿರುವ ತಗಡಿನ ಲೇಬಲ್ ಮಾಡಿಕೊಳ್ಳಿ.

ಪ್ರಶ್ನೆ: ಅಲ್ಯುಮಿನಿಯಂ ತಗಡಿನ ಲೇಬಲ್‌ಗಳು ಬಹಳ ಕಾಲ ಬರುತ್ತವೆ ಎಂದು ಕೇಳಿದ್ದೇನೆ. ಮಾರುಕಟ್ಟೆಯಲ್ಲಿ ಅವುಗಳಿಗೆ ಬೆಲೆ ಹೆಚ್ಚು. ನನ್ನ ತೋಟದಲ್ಲಿ ಇನ್ನೂರಕ್ಕೂ ಹೆಚ್ಚು ಗಿಡಗಳಿವೆ. ಮನೆಯಲ್ಲಿಯೇ ಮಾಡಿಕೊಳ್ಳಬಹುದೇ? ಕನ್ನಡದಲ್ಲಿ ಬರೆಯಲು ಆಗುತ್ತದೆಯೇ?
— ಓದುಗರು, ತುಮಕೂರು

ಉತ್ತರ: ಮಾಡಿಕೊಳ್ಳಬಹುದು, ಕನ್ನಡದಲ್ಲಿಯೇ ಬರೆಯಬಹುದು. ನನ್ನ ಅನುಭವದಲ್ಲಿ ಮನೆತೋಟಕ್ಕೆ ಇದಕ್ಕಿಂತ ಒಳ್ಳೆಯ ಲೇಬಲ್ ಇಲ್ಲ. ಅಲ್ಯುಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೇಲೆ ಆಕ್ಸೈಡಿನ ಬಹಳ ತೆಳುವಾದ, ಆದರೆ ಗಟ್ಟಿಯಾಗಿ ಅಂಟಿಕೊಂಡ ಪದರ ತಾನಾಗಿ ಮೂಡುತ್ತದೆ. ಕಬ್ಬಿಣದ ತುಕ್ಕು ಉದುರುತ್ತಾ ಒಳಗಿನ ಲೋಹವನ್ನು ಮತ್ತೆ ಮತ್ತೆ ತೆರೆಯುತ್ತದೆ, ಇದು ಹಾಗಲ್ಲದೆ ಒಳಗಿನದನ್ನು ಮುಚ್ಚಿ ಕಾಪಾಡುತ್ತದೆ.

ತಗಡು ದೊರೆಯುವ ಎರಡು ಕಡೆಗಳನ್ನು ಹೇಳುತ್ತೇನೆ. ಒಂದು, ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿ. ಅದರ ಗೋಡೆ ಸುಮಾರು 0.1 ಮಿ.ಮೀ. ದಪ್ಪ ಮಾತ್ರ ಇರುವುದರಿಂದ ಮನೆಯ ಕತ್ತರಿಯಲ್ಲೇ ಕತ್ತರಿಸಬಹುದು. ಇನ್ನೊಂದು, ಇದಕ್ಕಿಂತ ಉತ್ತಮವಾದದ್ದು, ಮುದ್ರಣಾಲಯಗಳಲ್ಲಿ ಒಮ್ಮೆ ಬಳಸಿ ಗುಜರಿಗೆ ಹಾಕುವ ಆಫ್‌ಸೆಟ್ ಪ್ಲೇಟು. ಅದು 0.15ರಿಂದ 0.3 ಮಿ.ಮೀ. ದಪ್ಪವಿರುವ ಅಲ್ಯುಮಿನಿಯಂ ಹಾಳೆಯಾದ್ದರಿಂದ ಗಾಳಿಗೆ ಸುರುಳಿಕೊಳ್ಳುವುದಿಲ್ಲ. ಮುದ್ರಿಸುವಾಗ ನೀರು ಹಿಡಿಯಲೆಂದು, ಮೇಲಿನ ಲೇಪ ಅಂಟಲೆಂದು ಅದರ ಮೇಲ್ಮೈಯನ್ನು ಕಾರ್ಖಾನೆಯಲ್ಲಿಯೇ ಸಣ್ಣದಾಗಿ ತರಿಗೊಳಿಸಿರುತ್ತಾರಾದ್ದರಿಂದ ಪೆನ್ಸಿಲ್ ಸಹ ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ತುಮಕೂರಿನಂತಹ ಊರಿನಲ್ಲಿ ಮುದ್ರಣಾಲಯಗಳಿಗೆ ಕೊರತೆ ಇಲ್ಲ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ನಾಲ್ಕೈದು ಪ್ಲೇಟುಗಳಲ್ಲಿ ನಿಮ್ಮ ಇನ್ನೂರು ಗಿಡಗಳ ಕೆಲಸ ಮುಗಿಯುತ್ತದೆ. ಮೇಲೆ ಉಳಿದಿರುವ ಶಾಯಿಯನ್ನು ಹಳೆಯ ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಿ.

ಪಟ್ಟಿಯನ್ನು ಎರಡೂವರೆ ಸೆಂ.ಮೀ. ಅಗಲ, ಹತ್ತು ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಹರಿತವಾಗಿರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂಲೆಗಳನ್ನು ಗುಂಡಗೆ ಕತ್ತರಿಸಿ, ಅಂಚುಗಳನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಡಬ್ಬಿಯ ತಗಡಾದರೆ ಸುತ್ತಲೂ ಮೂರು ಮಿ.ಮೀ.ನಷ್ಟು ಹಿಂದಕ್ಕೆ ಮಡಚಿ ಚಮಚದ ಬೆನ್ನಿನಿಂದ ಒತ್ತಿದರೆ ಅಂಚೂ ಮೊಂಡಾಗುತ್ತದೆ, ಪಟ್ಟಿಗೂ ಬಿಗಿ ಬರುತ್ತದೆ.

ಈಗ ಬರೆಯುವುದು. ಹಳೆಯ ಪತ್ರಿಕೆಗಳನ್ನು ಒಂದು ಬೆರಳು ದಪ್ಪ ಪೇರಿಸಿ, ಅದರ ಮೇಲೆ ಪಟ್ಟಿಯನ್ನು ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಕು. ಕೆಳಗೆ ಗಟ್ಟಿ ಹಲಗೆ ಇದ್ದರೆ ಗೆರೆ ಇಳಿಯುವುದಿಲ್ಲ, ತೀರಾ ಮೆತ್ತನೆಯ ಬಟ್ಟೆ ಇದ್ದರೆ ತಗಡು ಸೊಟ್ಟಗಾಗುತ್ತದೆ. ಪತ್ರಿಕೆಯ ದಿಂಡು ಇವೆರಡಕ್ಕೂ ನಡುವಿನದು. ಒಂದೇ ಸಲ ಜೋರಾಗಿ ಒತ್ತುವ ಬದಲು ಅದೇ ಗೆರೆಯ ಮೇಲೆ ಎರಡು ಮೂರು ಸಲ ಸಮನಾದ ಒತ್ತಡದಿಂದ ಪೆನ್ನು ಓಡಿಸಿ. ಪಟ್ಟಿಯನ್ನು ತಿರುಗಿಸಿ ಬೆರಳಾಡಿಸಿದರೆ ಅಕ್ಷರಗಳು ಉಬ್ಬಿ ಬಂದಿರುವುದು ತಿಳಿಯುತ್ತದೆ. ಹಾಗೆ ಬೆರಳಿಗೆ ತಾಗಿದರೆ ಮಾತ್ರ ಬರಹ ಸಾಕಷ್ಟು ಆಳವಾಗಿದೆ ಎಂದು ತಿಳಿಯಿರಿ. ನಮ್ಮ ಬಾವಿಕಟ್ಟೆಯ ಪಕ್ಕದ ನಿಂಬೆಗಿಡದಲ್ಲಿ ಹೀಗೆ ಮಾಡಿದ ಒಂದು ಲೇಬಲ್ ಇದೆ. ಅದರ ಹೊಳಪೆಲ್ಲ ಹೋಗಿ ಬೂದಿಬಣ್ಣಕ್ಕೆ ತಿರುಗಿದೆ, ಮೇಲೆ ಪಾಚಿ ಕಟ್ಟಿದೆ. ಹೆಬ್ಬೆರಳಿನಿಂದ ಒಮ್ಮೆ ಒರೆಸಿದರೆ ಪಾಚಿ ಗೆರೆಗಳೊಳಗೆ ಮಾತ್ರ ಉಳಿದು, ಅಕ್ಷರಗಳು ಹಸಿರು ಮಸಿಯಿಂದ ಬರೆದಂತೆ ಎದ್ದು ಕಾಣುತ್ತವೆ.

ಕನ್ನಡದ ಬಗ್ಗೆ ಕೇಳಿದ್ದೀರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಕ್ಷರದ ಅಚ್ಚುಗಳು ಇಂಗ್ಲಿಷಿನವು. ಸುತ್ತಿಗೆಯಿಂದ ಹೊಡೆದು ಮೂಡಿಸುವ ಆ ವಿಧಾನ ನಮ್ಮ ಲಿಪಿಗೆ ಒದಗುವುದಿಲ್ಲ. ಆದರೆ ಕೈಬರಹಕ್ಕೆ ನಮ್ಮ ಲಿಪಿಯೇ ಅನುಕೂಲವಾದದ್ದು. ಚೂಪಾದ ಕೋನಗಳಿರುವ ಕಡೆ ಪೆನ್ನು ನಿಂತು ತಿರುಗುವಾಗ ತೆಳು ತಗಡು ಹರಿಯುತ್ತದೆ, ದುಂಡಗಿನ ಅಕ್ಷರದಲ್ಲಿ ಪೆನ್ನು ನಿಲ್ಲದೆ ಓಡುತ್ತದೆ. ಒಂದೇ ತೊಡಕು ಒತ್ತಕ್ಷರದ್ದು. ಅಕ್ಷರಗಳನ್ನು ಎಂಟು ಮಿ.ಮೀ.ಗಿಂತ ಸಣ್ಣದಾಗಿ ಬರೆದರೆ ಮಲ್ಲಿಗೆಯ ಲ್ಲಿ, ನುಗ್ಗೆಯ ಗ್ಗೆ ಎರಡೂ ಒಂದೇ ಗುಡ್ಡೆಯಂತೆ ಕಾಣುತ್ತವೆ. ಆದ್ದರಿಂದ ಸಾಲನ್ನು ಪಟ್ಟಿಯ ನಡುವೆ ಬರೆಯದೆ ಸ್ವಲ್ಪ ಮೇಲಕ್ಕೆ ಬರೆದು, ಒತ್ತುಗಳಿಗೆ ಕೆಳಗೆ ಧಾರಾಳವಾಗಿ ಜಾಗ ಬಿಡಿ.

ಪ್ರಶ್ನೆ: ನಮ್ಮದು ಸಮುದ್ರಕ್ಕೆ ಹತ್ತಿರದ ಮನೆ. ತೋಟದಲ್ಲಿ ಹೊಳೆಯುವ ತಗಡು ನೇತಾಡುವುದು ನನಗೆ ಇಷ್ಟವಿಲ್ಲ. ಬಿದಿರಿನ ಸೀಳಿನ ಮೇಲೆ ಬರೆದು ನೆಟ್ಟೆ, ಒಂದೇ ಮಳೆಗಾಲದಲ್ಲಿ ಬುಡ ಕೊಳೆತು ಬಿತ್ತು. ಮರ ಅಥವಾ ಮಣ್ಣಿನಿಂದ ಬಾಳಿಕೆಯ ಲೇಬಲ್ ಮಾಡಲು ಸಾಧ್ಯವೇ?
— ಓದುಗರು, ಉಡುಪಿ

ಉತ್ತರ: ನಿಮ್ಮ ಊರಿನಲ್ಲಿ ಇದಕ್ಕೆ ಹೇಳಿಮಾಡಿಸಿದ ವಸ್ತು ಮನೆಯ ಹಿಂದೆಯೇ ಬಿದ್ದಿರಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಕರಾವಳಿಯ ಮನೆಮನೆಯ ಮಾಡಿನ ಮೇಲೆ ಇರುವ ಮಂಗಳೂರು ಹೆಂಚನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರ ಮೇಲೆ ಕಾರ್ಖಾನೆಯ ಹೆಸರನ್ನು ಹಸಿ ಮಣ್ಣಿನಲ್ಲೇ ಅಚ್ಚೊತ್ತಿ ಸುಟ್ಟಿರುತ್ತಾರೆ. ತಲೆಮಾರುಗಳ ಕಾಲ ಕರಾವಳಿಯ ಮಳೆಯನ್ನು ತಲೆಯ ಮೇಲೆ ಹೊತ್ತ ಹೆಂಚಿನಲ್ಲಿಯೂ ಆ ಅಕ್ಷರಗಳನ್ನು ಓದಲು ಬರುತ್ತದೆ. ಮಣ್ಣಿನಲ್ಲಿ ಬರೆದು ಬೆಂಕಿಯಲ್ಲಿ ಸುಟ್ಟ ಅಕ್ಷರಕ್ಕೆ ಬಿಸಿಲು, ಉಪ್ಪುಗಾಳಿ, ಗೆದ್ದಲು ಯಾವುದರ ಭಯವೂ ಇಲ್ಲ.

ಹತ್ತಿರದಲ್ಲಿ ಮಡಕೆ ಮಾಡುವ ಕುಂಬಾರರಿದ್ದರೆ ಅವರ ಬಳಿ ಹೋಗಿ, ಹದ ಮಾಡಿದ ಜೇಡಿಮಣ್ಣನ್ನು ಒಂದು ಸೆಂ.ಮೀ. ದಪ್ಪಕ್ಕೆ ತಟ್ಟಿಸಿ, ಅಂಗೈ ಅಗಲದ ಬಿಲ್ಲೆಗಳಾಗಿ ಕತ್ತರಿಸಿ, ತೆಂಗಿನ ಗರಿಯ ಕಡ್ಡಿಯಿಂದ ಹೆಸರು ಬರೆಯಿರಿ. ಮಣ್ಣು ತೀರಾ ಹಸಿಯಾಗಿದ್ದಾಗ ಬರೆದರೆ ಗೆರೆಯ ಎರಡೂ ಪಕ್ಕ ಮಣ್ಣು ಎದ್ದು ಅಕ್ಷರ ಒರಟಾಗುತ್ತದೆ. ಅರ್ಧ ದಿನ ನೆರಳಿನಲ್ಲಿ ಬಿಟ್ಟು, ಉಗುರು ಒತ್ತಿದರೆ ಗುರುತು ಮೂಡುವ ಆದರೆ ಬೆರಳಿಗೆ ಅಂಟದ ಹದದಲ್ಲಿ ಬರೆಯಬೇಕು. ಪೂರ್ತಿ ಒಣಗಿದ ಮೇಲೆ ಅವರ ಮಡಕೆಗಳ ಜೊತೆಗೇ ಆವಿಗೆಯಲ್ಲಿ ಸುಡಲು ಕೇಳಿಕೊಳ್ಳಿ. ಕುಂಬಾರರಿಲ್ಲದ ಕಡೆ ಒಡೆದ ಹೆಂಚಿನ ತುಂಡುಗಳನ್ನೇ ತೊಳೆದು ಒಣಗಿಸಿ, ಎಣ್ಣೆಬಣ್ಣದಿಂದ ಬರೆಯಬಹುದು. ಅದು ಸುಟ್ಟ ಬರಹದಷ್ಟು ಕಾಲ ಬಾರದಿದ್ದರೂ ಮೂರು ನಾಲ್ಕು ಮಳೆಗಾಲಗಳಿಗೆ ಮೋಸವಿಲ್ಲ. ಬಿಳಿ ಅಥವಾ ಕಪ್ಪು ಬಣ್ಣವನ್ನೇ ಬಳಸಿ. ಕೆಂಪು ಹೆಂಚಿನ ಮೇಲೆ ಬೇರೆ ಬಣ್ಣಗಳು ಬೇಗ ಮಸುಕಾಗುತ್ತವೆ.

ಮರದ ವಿಷಯದಲ್ಲಿ ಮರದ ಜಾತಿಗಿಂತ ಮುಖ್ಯವಾದದ್ದು ಅದರ ಯಾವ ಭಾಗ ಎಂಬುದು. ತೇಗವಾದರೂ ಹಲಸಾದರೂ ಹೊರಗಿನ ಬಿಳಿಭಾಗ ಬೇಗ ಕೊಳೆಯುತ್ತದೆ, ಗೆದ್ದಲಿಗೂ ಅದೇ ರುಚಿ. ಒಳಗಿನ ಬಣ್ಣದ ಚೇಗು ಮಾತ್ರ ಬಾಳುತ್ತದೆ. ಬಿದಿರಿನಲ್ಲಿ ಅಂತಹ ಚೇಗು ಇಲ್ಲದಿರುವುದರಿಂದಲೇ ನಿಮ್ಮ ಸೀಳುಗಳು ಅಷ್ಟು ಬೇಗ ಕೊಳೆತವು. ಬಡಗಿಯ ಬಳಿ ಚೇಗಿನ ಚೂರುಗಳನ್ನು ಕೇಳಿ ಪಡೆದು, ಕೆಂಪಗೆ ಕಾಯಿಸಿದ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಅಕ್ಷರಗಳನ್ನು ಸುಟ್ಟು ಬರೆಯಿರಿ. ಸುಟ್ಟ ಗೆರೆ ಆಳಕ್ಕೂ ಇಳಿದಿರುತ್ತದೆ, ಅದರ ಕಪ್ಪು ಇಂಗಾಲದ್ದೂ ಆಗಿರುತ್ತದೆ. ಆ ತುಂಡನ್ನು ನೆಲಕ್ಕೆ ನೆಡುವುದಕ್ಕಿಂತ ಕೊಂಬೆಗೆ ತೂಗುಹಾಕುವುದು ಲೇಸು, ಏಕೆಂದರೆ ಮರ ಕೊಳೆಯುವುದು ಮಣ್ಣು ಮತ್ತು ಗಾಳಿ ಕೂಡುವ ಆ ಒಂದು ಅಂಗುಲದಲ್ಲಿ.

ಪ್ರಶ್ನೆ: ನಮ್ಮದು ತಾರಸಿ ತೋಟ, ಕುಂಡಗಳೇ ಎಲ್ಲ. ಸಸಿಗಳಿಗೆ ಐಸ್‌ಕ್ರೀಮ್ ಚಮಚಗಳನ್ನು ಚುಚ್ಚುತ್ತೇನೆ, ಆರು ತಿಂಗಳಲ್ಲಿ ಪುಡಿಯಾಗುತ್ತವೆ. ಬೇರೆ ಏನನ್ನು ಬಳಸಬಹುದು?
— ಓದುಗರು, ಬೆಂಗಳೂರು

ಉತ್ತರ: ಬಳಸಿ ಎಸೆಯುವ ಪಾರದರ್ಶಕ ಅಥವಾ ಬಿಳಿಯ ಚಮಚಗಳು ಬಿಸಿಲನ್ನು ತಡೆಯುವ ಪ್ಲಾಸ್ಟಿಕ್ಕಿನವಲ್ಲ. ಬಿತ್ತನೆಯ ತಟ್ಟೆಗಳಿಗೆ, ಅಂದರೆ ಎರಡು ತಿಂಗಳ ಕೆಲಸಕ್ಕೆ, ಮೊಸರಿನ ಡಬ್ಬಿಯನ್ನು ಪಟ್ಟಿಗಳಾಗಿ ಕತ್ತರಿಸಿ ಪೆನ್ಸಿಲ್‌ನಿಂದ ಬರೆದರೆ ಸಾಕು. ಬರೆಯುವುದನ್ನು ಮಾತ್ರ ಬಿತ್ತಿದ ದಿನವೇ ಮಾಡಿ. ಬ್ಯಾಡಗಿ ಮೆಣಸಿನಕಾಯಿಯ ಸಸಿಗೂ ಗುಂಟೂರಿನ ಸಸಿಗೂ ನಾಲ್ಕೆಲೆ ಇರುವಾಗ ಯಾರ ಕಣ್ಣಿಗೂ ವ್ಯತ್ಯಾಸ ಕಾಣುವುದಿಲ್ಲ.

ಬಹುಕಾಲ ಕುಂಡದಲ್ಲೇ ಇರುವ ಗಿಡಗಳಿಗೆ ಸ್ಟೀಲ್ ಪಾತ್ರೆಯ ಅಂಗಡಿಗೆ ಹೋಗಿ. ಮದುವೆ, ಗೃಹಪ್ರವೇಶಗಳಿಗೆ ಉಡುಗೊರೆ ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆದುಕೊಡುವವರು ಅಲ್ಲಿ ಇರುತ್ತಾರೆ. ಅಜ್ಜಿಯ ಕಾಲದ ಲೋಟದ ಮೇಲೆ ಅವರ ಹೆಸರು ಈಗಲೂ ಹಾಗೆಯೇ ಇರುವುದನ್ನು ನೀವು ಮನೆಯಲ್ಲಿ ನೋಡಿಯೇ ಇರುತ್ತೀರಿ. ದಿನವೂ ಹುಣಸೆಹಣ್ಣು, ಬೂದಿ, ನಾರು ಹಾಕಿ ತಿಕ್ಕಿದರೂ ಹೋಗದ ಆ ಅಕ್ಷರ ಕುಂಡದ ಮಣ್ಣಿನಲ್ಲಿ ಹೋಗಲಾರದು. ಬಳಕೆಗೆ ಬಾರದ ಸ್ಟೀಲ್ ಚಮಚಗಳನ್ನು ಒಯ್ದು ಹಿಡಿಯ ಮೇಲೆ ಗಿಡದ ಹೆಸರು ಕೊರೆಸಿ, ಚಮಚದ ತಲೆಯನ್ನು ಮಣ್ಣಿಗೆ ಚುಚ್ಚಿದರೆ ಕೆಲಸ ಮುಗಿಯಿತು. ಒಂದೊಂದಕ್ಕೆ ದುಡ್ಡು ಕೊಡಬೇಕಾಗುವುದರಿಂದ ಎಲ್ಲ ಗಿಡಗಳಿಗೂ ಬೇಡ, ಗುಲಾಬಿ, ದಾಸವಾಳಗಳಂತೆ ತಳಿ ಬದಲಾದರೆ ನೋವಾಗುವ ಗಿಡಗಳಿಗೆ ಮಾತ್ರ ಮಾಡಿಸಿ.

ಪ್ರಶ್ನೆ: ನೇರಳೆ ಮರಕ್ಕೆ ಕಟ್ಟಿದ್ದ ಲೇಬಲ್ಲಿನ ತಂತಿ ಈಗ ತೊಗಟೆಯೊಳಗೆ ಹೂತುಹೋಗಿದೆ, ಅದರ ಮೇಲ್ಭಾಗದಲ್ಲಿ ಕಾಂಡ ಊದಿಕೊಂಡಿದೆ. ಮರಕ್ಕೆ ಅಪಾಯವಿದೆಯೇ? ಹಾಗಾದರೆ ಮರಕ್ಕೆ ಮೊಳೆ ಹೊಡೆಯುವುದೇ ಒಳ್ಳೆಯದೇ?
— ಓದುಗರು, ಮಡಿಕೇರಿ

ಉತ್ತರ: ಅಪಾಯವಿದೆ, ಈ ವಾರವೇ ತಂತಿಯನ್ನು ಬಿಡಿಸಿ. ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಮರ ದಪ್ಪವಾಗುತ್ತಾ ಹೋದಂತೆ ಬಿಗಿದ ತಂತಿ ಆ ಪದರವನ್ನು ಸುತ್ತಲೂ ಹಿಸುಕುತ್ತದೆ. ಇಳಿಯಲಾಗದ ಆಹಾರ ತಂತಿಯ ಮೇಲ್ಗಡೆ ತಂಗುವುದರಿಂದಲೇ ಅಲ್ಲಿ ಊತ ಬಂದಿದೆ. ಹೀಗೆಯೇ ಬಿಟ್ಟರೆ ಬೇರುಗಳು ಹಸಿವಿನಿಂದ ಸೊರಗುತ್ತವೆ, ಗಾಳಿಮಳೆಯಲ್ಲಿ ಮರ ಆ ಜಾಗದಲ್ಲೇ ಮುರಿಯಲೂಬಹುದು. ಇಕ್ಕಳದಿಂದ ಎಷ್ಟು ಕಡೆ ಸಿಗುತ್ತದೆಯೋ ಅಷ್ಟು ಕಡೆ ತಂತಿಯನ್ನು ತುಂಡರಿಸಿ, ಸುಲಭವಾಗಿ ಬರುವ ತುಂಡುಗಳನ್ನು ಎಳೆದು ತೆಗೆಯಿರಿ. ತೊಗಟೆ ಪೂರ್ತಿ ಮುಚ್ಚಿಕೊಂಡಿರುವ ಭಾಗವನ್ನು ಅಗೆದು ತೆಗೆಯಲು ಹೋಗಬೇಡಿ. ಉಂಗುರ ಒಂದು ಕಡೆ ಕಡಿದರೂ ಬಿಗಿತ ಹೋಗುತ್ತದೆ, ಹೊಸ ಗಾಯ ಮಾಡಿದಂತಾಗುವುದಿಲ್ಲ.

ಮುಂದೆ ಕಟ್ಟುವಾಗ ಕಾಂಡಕ್ಕೆ ಕಟ್ಟದೆ ಪಕ್ಕದ ಕೊಂಬೆಗೆ, ನಿಮ್ಮ ಎರಡು ಬೆರಳು ಒಳಗೆ ಓಡಾಡುವಷ್ಟು ಸಡಿಲವಾದ ಕುಣಿಕೆಯಲ್ಲಿ ತೂಗುಹಾಕಿ. ತಂತಿಯನ್ನು ಮೊದಲು ಪೆನ್ಸಿಲ್ಲಿಗೆ ಸುತ್ತಿ ಸ್ಪ್ರಿಂಗಿನಂತೆ ಮಾಡಿಕೊಂಡರೆ ಕೊಂಬೆ ದಪ್ಪವಾದಂತೆ ತಾನೂ ಬಿಚ್ಚಿಕೊಳ್ಳುತ್ತದೆ. ಮಂಗಗಳು ಎಳೆದಾಗಲೂ ಲೇಬಲ್ ಹರಿಯದೆ ಹಿಂದಕ್ಕೆ ಬರುತ್ತದೆ, ನಿಮ್ಮ ಕಡೆ ಅದೂ ಗಮನಿಸಬೇಕಾದ ವಿಷಯವೇ. ಅಲ್ಯುಮಿನಿಯಂ ಪಟ್ಟಿಗೆ ಅಲ್ಯುಮಿನಿಯಂ ತಂತಿಯನ್ನೇ ಹಾಕಿ. ತಾಮ್ರದ ತಂತಿ ನೋಡಲು ಚೆಂದ, ಆದರೆ ಒದ್ದೆಯಲ್ಲಿ ತಾಮ್ರ ಮತ್ತು ಅಲ್ಯುಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದರೆ ಬ್ಯಾಟರಿಯೊಳಗೆ ನಡೆಯುವಂಥ ಕ್ರಿಯೆ ನಡೆದು ಅಲ್ಯುಮಿನಿಯಂ ಸವೆಯುತ್ತದೆ. ಲೇಬಲ್ ಚೆನ್ನಾಗಿದ್ದು ತೂತು ಮಾತ್ರ ದೊಡ್ಡದಾಗಿ ಕಳಚಿ ಬೀಳುವುದಕ್ಕೆ ಇದು ಒಂದು ಕಾರಣ. ಜಿಐ ತಂತಿಯನ್ನು ಬಳಸಬಹುದು, ಅದರ ಸತುವಿನ ಲೇಪ ಹೋಗಿ ತುಕ್ಕು ಕಾಣಿಸಿದಾಗ ಬದಲಿಸುತ್ತಿರಬೇಕು. ಹತ್ತಿಯ ದಾರ ಕೊಳೆಯುತ್ತದೆ, ನೈಲಾನ್ ದಾರ ಕೊಳೆಯದೆ ತಂತಿಯಂತೆಯೇ ಕೊಯ್ಯುತ್ತದೆ.

ಮೊಳೆಯ ಬಗ್ಗೆ ನನ್ನ ಅಭಿಪ್ರಾಯ ಬೇಡ ಎಂಬುದೇ. ದಪ್ಪನೆಯ ಹಳೆಯ ಮರಕ್ಕೆ ಒಂದು ಮೊಳೆಯಿಂದ ಪ್ರಾಣಾಪಾಯವಿಲ್ಲವಾದರೂ, ಮನೆಯ ಹಿತ್ತಿಲಿನಲ್ಲಿ ಅದರ ಅಗತ್ಯವೇ ಇಲ್ಲ. ತೆಂಗು, ಅಡಕೆಗಳಿಗಂತೂ ಖಂಡಿತ ಹೊಡೆಯಬೇಡಿ. ಮಾವು ಹಲಸುಗಳು ಗಾಯದ ಸುತ್ತ ಹೊಸ ತೊಗಟೆ ಬೆಳೆಸಿ ಮುಚ್ಚಿಕೊಳ್ಳುವಂತೆ ಅವು ಮುಚ್ಚಿಕೊಳ್ಳಲಾರವು. ಆ ತೂತು ಮರ ಇರುವವರೆಗೂ ಇರುತ್ತದೆ. ಅಂತಹ ಮರಗಳಿಗೆ ಬುಡದಿಂದ ಒಂದು ಅಡಿ ದೂರದಲ್ಲಿ ಗೂಟ ನೆಟ್ಟು ಲೇಬಲ್ ಹಾಕುವುದೇ ಸರಿ.

ಪ್ರಶ್ನೆ: ಲೇಬಲ್ ಮೇಲೆ ಏನೇನು ಬರೆಯಬೇಕು? ನಮ್ಮ ಮನೆಯಲ್ಲಿ ಔಷಧೀಯ ಗಿಡಗಳು ಹೆಚ್ಚು. ಕನ್ನಡದ ಹೆಸರು ಸಾಕೇ, ವೈಜ್ಞಾನಿಕ ಹೆಸರೂ ಬೇಕೇ? ಮಗಳು ಕ್ಯೂಆರ್ ಕೋಡ್ ಅಂಟಿಸೋಣ ಎನ್ನುತ್ತಾಳೆ.
— ಓದುಗರು, ಮೈಸೂರು

ಉತ್ತರ: ಔಷಧೀಯ ಗಿಡಗಳಿಗೆ ಎರಡೂ ಬೇಕು. ಒಂದು ಉದಾಹರಣೆ ಕೊಡುತ್ತೇನೆ. ಬ್ರಾಹ್ಮಿ ಎಂದು ಬರೆದಿರುವ ಲೇಬಲ್ಲನ್ನು ಓದಿದವರು ಕೆಲವರ ಮನೆಯಲ್ಲಿ ತಂಬುಳಿ ಮಾಡುವ ಒಂದೆಲಗವನ್ನು, ಅಂದರೆ ಸೆಂಟೆಲ್ಲಾ ಏಷಿಯಾಟಿಕಾ ಗಿಡವನ್ನು ಮನಸ್ಸಿಗೆ ತಂದುಕೊಳ್ಳುತ್ತಾರೆ. ಇನ್ನು ಕೆಲವರು ನೀರುಬ್ರಾಹ್ಮಿ ಎಂಬ ಬಾಕೋಪಾ ಮೊನ್ನಿಯೆರಿಯನ್ನು. ಎಲೆಯಲ್ಲಿ, ಹೂವಿನಲ್ಲಿ, ಕುಟುಂಬದಲ್ಲಿ ಎಲ್ಲದರಲ್ಲೂ ಇವು ಬೇರೆ ಬೇರೆ ಗಿಡಗಳು. ಶಂಖಪುಷ್ಪ, ಶಂಖಪುಷ್ಪಿ ಎಂಬ ಹೆಸರುಗಳಲ್ಲೂ ಇದೇ ಗೊಂದಲವಿದೆ. ಇನ್ನೊಂದು ಕಡೆ, ಒಂದೇ ದೊಡ್ಡಪತ್ರೆಗೆ ಊರೂರಿಗೆ ಬೇರೆ ಹೆಸರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ನೆಲೆಗೊಳಿಸಿದ ಎರಡು ಪದಗಳ ಹೆಸರು ಈ ಗೊಂದಲವನ್ನು ನಿವಾರಿಸುವುದಕ್ಕಾಗಿಯೇ ಇದೆ. ಆದರೆ ಅದೂ ಬದಲಾಗುವುದುಂಟು: ಬಹುಕಾಲ ಪ್ಲೆಕ್ಟ್ರಾಂಥಸ್ ಅಂಬೊಯಿನಿಕಸ್ ಎನಿಸಿಕೊಂಡಿದ್ದ ದೊಡ್ಡಪತ್ರೆಯನ್ನು ಸಸ್ಯಶಾಸ್ತ್ರಜ್ಞರು ಈಗ ಮತ್ತೆ ಕೋಲಿಯಸ್ ಅಂಬೊಯಿನಿಕಸ್ ಎಂದು ಕರೆಯುತ್ತಾರೆ. ಆದ್ದರಿಂದ ಮನೆಯಲ್ಲಿ ಕರೆಯುವ ಹೆಸರನ್ನು ದೊಡ್ಡದಾಗಿ ಮೇಲೆ, ವೈಜ್ಞಾನಿಕ ಹೆಸರನ್ನು ಸಣ್ಣದಾಗಿ ಕೆಳಗೆ ಬರೆಯಿರಿ. ಲಾಲ್‌ಬಾಗಿನ ಮರಗಳ ಮೇಲಿನ ಫಲಕಗಳಲ್ಲಿ ಕಾಣುವ ಕುಟುಂಬ, ಮೂಲಸ್ಥಾನ ಇವು ಸಾರ್ವಜನಿಕ ಉದ್ಯಾನಕ್ಕೆ ಬೇಕು, ಮನೆಗೆ ಬೇಕಾಗಿಲ್ಲ. ಹಣ್ಣಿನ ಗಿಡಗಳಿಗಾದರೆ ವೈಜ್ಞಾನಿಕ ಹೆಸರಿಗಿಂತ ತಳಿಯ ಹೆಸರೂ ನೆಟ್ಟ ವರ್ಷವೂ ಮುಖ್ಯ. ರಸಪುರಿ, ಬಾದಾಮಿ, ನೀಲಂ ಮೂರೂ ಒಂದೇ ಮ್ಯಾಂಜಿಫೆರಾ ಇಂಡಿಕಾ.

ಮಗಳ ಉತ್ಸಾಹ ನನಗೆ ಸಂತೋಷ ಕೊಟ್ಟಿತು. ಕ್ಯೂಆರ್ ಕೋಡ್ ಮಾಡಲಿ, ಆದರೆ ಅದೊಂದನ್ನೇ ನಂಬಬಾರದು. ಕಾಗದದ ಮೇಲೆ ಮುದ್ರಿಸಿ ಲ್ಯಾಮಿನೇಟ್ ಮಾಡಿಸಿದರೆ, ಕಟ್ಟಲು ತೂತು ಹಾಕಿದ ಜಾಗದಿಂದ ನೀರು ಒಳಗೆ ಹೀರಿಕೊಂಡು ಒಂದು ಮಳೆಗಾಲದಲ್ಲಿ ಕೆಡುತ್ತದೆ. ತೂತನ್ನು ಕಾಗದ ಇಲ್ಲದ ಪ್ಲಾಸ್ಟಿಕ್ ಅಂಚಿನಲ್ಲೇ ಹಾಕಬೇಕು, ಸುತ್ತಲೂ ಒಂದು ಸೆಂ.ಮೀ. ಅಂಚು ಬಿಟ್ಟಿರಬೇಕು. ಅಂಗಡಿಯ ಬಿಲ್ಲಿನಂತೆ ಶಾಖದಿಂದ ಮುದ್ರಿಸುವ ಕಾಗದವಂತೂ ಬಿಸಿಲಿಗೆ ಸಲ್ಲದು. ಲೇಬಲ್ಲನ್ನು ಉತ್ತರಕ್ಕೆ ಮುಖಮಾಡಿ ಹಾಕಿದರೆ ಯಾವ ಬಗೆಯ ಬರಹವಾದರೂ ಹೆಚ್ಚು ಕಾಲ ಬರುತ್ತದೆ, ಏಕೆಂದರೆ ನಮ್ಮ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬಿಟ್ಟರೆ ಉಳಿದ ತಿಂಗಳುಗಳಲ್ಲಿ ಸೂರ್ಯ ನಡುಹಗಲಿನಲ್ಲಿ ದಕ್ಷಿಣಕ್ಕೇ ವಾಲಿರುತ್ತಾನೆ.

ಮಗಳಿಗೆ ಒಂದು ನೋಟುಬುಕ್ಕನ್ನೂ ಕೊಡಿ. ಸಸ್ಯೋದ್ಯಾನಗಳಲ್ಲಿ ಪ್ರತಿ ಗಿಡಕ್ಕೂ ಒಂದು ಸಂಖ್ಯೆ ಕೊಟ್ಟು, ವಿವರಗಳನ್ನೆಲ್ಲ ದಾಖಲೆಯಲ್ಲಿ ಇಡುತ್ತಾರೆ. ಮನೆಯಲ್ಲಿಯೂ ಅದೇ ಕ್ರಮ ಒಳ್ಳೆಯದು. 2024ರಲ್ಲಿ ನೆಟ್ಟ ಏಳನೆಯ ಗಿಡಕ್ಕೆ 24-7 ಎಂದು ಸಂಖ್ಯೆ ಕೊಟ್ಟು, ಅದನ್ನು ಲೇಬಲ್ಲಿನ ಮೂಲೆಯಲ್ಲಿ ಕೊರೆಯಿರಿ. ಎಲ್ಲಿಂದ ತಂದದ್ದು, ಯಾರು ಕೊಟ್ಟ ಕಡ್ಡಿ, ಮೊದಲ ಹೂವು ಯಾವಾಗ ಬಂತು ಎಂಬುದೆಲ್ಲ ನೋಟುಬುಕ್ಕಿನಲ್ಲಿರಲಿ. ಅದರ ಕೊನೆಯ ಪುಟದಲ್ಲಿ ಬಾವಿ, ಬಚ್ಚಲು, ಬೇಲಿಗಳನ್ನು ಗುರುತಿಸಿ ತೋಟದ ನಕ್ಷೆ ಬರೆದು, ಗಿಡಗಳ ಜಾಗದಲ್ಲಿ ಈ ಸಂಖ್ಯೆಗಳನ್ನು ಹಾಕಲಿ, ಪೆನ್ನಿನಿಂದಲ್ಲ, ಪೆನ್ಸಿಲ್‌ನಿಂದ.